ರುದ್ರಮ್ಮಕ್ಕನ ನಡವಳಿ ಪುಸ್ತಕ

ಬೇಸಿಗೆ ಬಂತೆಂದರೆ ರಾಜಾಜಿನಗರದ ಆ ಬೀದಿಯ ತಾರಸಿಗಳ ಮೇಲೆಲ್ಲ ಸಂಡಿಗೆ, ಹಪ್ಪಳ, ಕೆಂಪು ಮೆಣಸಿನಕಾಯಿ ಒಣಗುತ್ತಿದ್ದವು. ರುದ್ರಮ್ಮಕ್ಕನ ತಾರಸಿಯ ಮೇಲೆ ಮಾತ್ರ ಕಾಗದಗಳು. ಮೇ ದಿನದ ಕರಪತ್ರಗಳು, ಬೇಡಿಕೆ ಪಟ್ಟಿಗಳು, ಕಾರ್ಖಾನೆಯ ಗೇಟಿನಿಂದ ಬಿಡಿಸಿ ತಂದ ಭಿತ್ತಿಪತ್ರಗಳು. ಹಳೆಯ ಸೀರೆ ಹಾಸಿ, ಒಂದೊಂದೇ ಹಾಳೆ ಹರವಿ, ಎಳೆಬಿಸಿಲಲ್ಲಿ ಒಂದು ಗಂಟೆ ಬಿಟ್ಟು, ಬಿಸಿಲು ಏರುವ ಮೊದಲೇ ಎತ್ತಿಬಿಡುತ್ತಿದ್ದರು. ಪಕ್ಕದ ಮನೆಯಾಕೆ ಬೇಕೆಂದೇ ಕೇಳುತ್ತಿದ್ದಳು: "ಏನ್ ಆಂಟಿ, ಈ ಸಲ ಹಪ್ಪಳಾನಾ, ಸಂಡಿಗೇನಾ?"

"ಮುಷ್ಕರ ಕಣಮ್ಮ. ಸ್ವಲ್ಪ ತೇವ ಆಗಿತ್ತು, ಒಣಗಿಸ್ತಾ ಇದೀನಿ."

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ರಾಜಾಜಿನಗರದ ಒಂದು ಮೋಟಾರ್ ಕಾರ್ಖಾನೆಯಲ್ಲಿ ಲೇತ್ ಮೇಲೆ ಕಬ್ಬಿಣ ಕಡೆಯುವ ಟರ್ನರ್ ಆಗಿದ್ದೆ. ಅದು ಮುಚ್ಚಿದ ಮೇಲೆ ಕಾಮಾಕ್ಷಿಪಾಳ್ಯದಲ್ಲಿ ಸ್ವಂತದ ಲೇತ್ ಹಾಕಿಕೊಂಡು, ಯಾರ ಮುಂದೆಯೂ ಕೈಚಾಚದೆ ಮೂರು ಮಕ್ಕಳನ್ನು ಓದಿಸಿದೆ. ರುದ್ರಮ್ಮಕ್ಕ ಅದೇ ಕಾರ್ಖಾನೆಯಲ್ಲಿ ಮೋಟಾರಿಗೆ ತಂತಿ ಸುತ್ತುತ್ತಿದ್ದರು. ಯೂನಿಯನ್ ಸಭೆಗಳ ನಡವಳಿ ಬರೆಯುವ ಕೆಲಸವೂ ಅವರದೇ. ಯೂನಿಯನ್ ಆಫೀಸು ಖಾಲಿ ಮಾಡಿದ ದಿನ ಉಳಿದವರು ಕುರ್ಚಿ, ಫ್ಯಾನು ಹಂಚಿಕೊಂಡರೆ, ಅಕ್ಕ ಕಾಗದಗಳನ್ನೆಲ್ಲ ಆಟೋದಲ್ಲಿ ಹೇರಿಕೊಂಡು ಮನೆಗೆ ತಂದರು.

"ಸೋತ ಮುಷ್ಕರದ ಕಾಗದ ಇಟ್ಕೊಂಡು ಏನ್ ಮಾಡ್ತೀರಕ್ಕ?" ಎಂದು ನಾನೇ ಒಮ್ಮೆ ನಕ್ಕಿದ್ದೆ.

"ಗೆದ್ದಿದ್ದನ್ನ ಎಲ್ಲರೂ ಇಟ್ಕೋತಾರೆ. ಸೋತಿದ್ದನ್ನ ಯಾರು ಇಟ್ಕೋತಾರೆ ಹೇಳು?"

ಯಾವ ಕಟ್ಟು ಬಿಚ್ಚಿದರೂ ಅಕ್ಕ ಮೊದಲು ಮೂಸಿ ನೋಡುತ್ತಿದ್ದರು. ತುಕ್ಕು ಹಿಡಿದ ಗುಂಡುಸೂಜಿಗಳನ್ನು ಹುಷಾರಾಗಿ ಕಿತ್ತು, ಅದೇ ತೂತಿನಲ್ಲಿ ದಾರ ಪೋಣಿಸುತ್ತಿದ್ದರು. ಹುಳು ಬರದಿರಲೆಂದು ಪೆಟ್ಟಿಗೆಯ ಮೂಲೆಗಳಲ್ಲಿ ಬಜೆ ಬೇರಿನ ಗಂಟು ಇಡುತ್ತಿದ್ದರು. ಯೂನಿಯನ್ನಿನ ಬೆನ್ನಿಗಿದ್ದ ಪಕ್ಷ ಒಡೆದಾಗ ಒಬ್ಬರನ್ನೊಬ್ಬರು ದ್ರೋಹಿಗಳೆಂದು ಬೈದುಕೊಂಡ ಎರಡು ಬಣದವರ ಕರಪತ್ರಗಳನ್ನೂ ಒಂದೇ ದಾರದಲ್ಲಿ ಕಟ್ಟಿದ್ದರು. "ಈಗಲಾದ್ರೂ ಒಟ್ಟಿಗಿರ್ಲಿ ಬಿಡೋ" ಎನ್ನುತ್ತಿದ್ದರು.

ಗಾಳಿಗೆ ಹಾಳೆ ಹಾರದಿರಲೆಂದು ನಾನು ಕಬ್ಬಿಣದ ಬಿಲ್ಲೆಗಳನ್ನು ಕಡೆದು ಒಯ್ದೆ. ಎಲ್ಲವೂ ಒಂದೇ ಅಳತೆ, ಅಂಚಿನ ಮೇಲೆ ಬೆರಳಾಡಿಸಿದರೆ ಒಂದು ತರಿಯೂ ಇಲ್ಲ. ಅಕ್ಕ ಕೈಯಲ್ಲಿ ತೂಗಿ ನೋಡಿ, "ಚೆನ್ನಾಗ್ ಮಾಡಿದೀಯ. ವಾಪಸ್ ತಗೊಂಡ್ ಹೋಗು" ಎಂದರು.

"ಯಾಕಕ್ಕ?"

"ಕಬ್ಬಿಣ ಅಲ್ವೇನೋ? ತುಕ್ಕು ಕಾಗದಕ್ಕೆ ಹತ್ತುತ್ತೆ. ಹಿತ್ತಾಳೇಲಿ ಮಾಡ್ಕೊಂಡ್ ಬಾ."

ನನ್ನ ಕೆಲಸವನ್ನು ಯಾರೂ ಹಾಗೆ ವಾಪಸು ಕಳಿಸಿರಲಿಲ್ಲ. ಸಿಟ್ಟು ಬಂತು. ಎರಡು ವಾರ ಆ ಕಡೆ ಹೋಗಲಿಲ್ಲ. ಆಮೇಲೆ ಹಿತ್ತಾಳೆಯದನ್ನು ಒಯ್ದೆ.

ಹೋದ ವರ್ಷ ಒಂದು ಕಾಲೇಜಿನ ಲೈಬ್ರರಿಯವರು ಬಂದು, ಇದನ್ನೆಲ್ಲ ನಾವು ಜೋಪಾನ ಮಾಡುತ್ತೇವೆ, ಬಂದವರಿಗೆ ಓದಲು ಕೊಡುತ್ತೇವೆ ಎಂದರು. ಕೊಡುವ ಮುಂಚೆ ಪಟ್ಟಿ ಮಾಡಬೇಕಿತ್ತು. ಮಾಸಿದ ಅಕ್ಷರ ಅಕ್ಕನಿಗೆ ಕಾಣುತ್ತಿರಲಿಲ್ಲ. ಭಾನುವಾರಗಳಲ್ಲಿ ನಾನು ತಡವರಿಸುತ್ತ ಓದುವುದು, ಅವರು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳುವುದು. ಹೀಗಿರುವಾಗ ಹಳೆಯ ನಡವಳಿ ಪುಸ್ತಕದ ಒಂದು ಪುಟದಲ್ಲಿ ನನ್ನ ಹೆಸರು ಸಿಕ್ಕಿತು. ಓದುವುದನ್ನು ನಿಲ್ಲಿಸಿದೆ.

"ಓದು" ಎಂದರು ಅಕ್ಕ.

ಓದಿದೆ. "ಟರ್ನರ್ ಪುಟ್ಟಸ್ವಾಮಿಯವರು ಮುಷ್ಕರದ ನಡುವೆ ಕೆಲಸಕ್ಕೆ ಹೋದುದನ್ನು ಒಪ್ಪಿಕೊಂಡರು. ಮನೆಯಲ್ಲಿ ಅಕ್ಕಿ ಇಲ್ಲದ ಕಾರಣ ಹೋದೆನೆಂದು ತಿಳಿಸಿದರು. ಸದಸ್ಯರಿಂದ ಅಕ್ಕಿ ಸಂಗ್ರಹಿಸಿ ಅವರ ಮನೆಗೆ ತಲುಪಿಸಲು ತೀರ್ಮಾನಿಸಲಾಯಿತು."

"ಅಕ್ಕ, ಈ ಹಾಳೆ ತೆಗೆದುಬಿಡೋಣ."

"ಯಾಕೆ, ಈಗ ನಾಚಿಕೆ ಆಯ್ತಾ?"

"ಸುಳ್ಳು ಅಕ್ಕ ಅದು. ಮನೇಲಿ ಅಕ್ಕಿ ಇತ್ತು. ಮ್ಯಾನೇಜರ್ ಕರೆಸಿ ಹೆದರಿಸಿದ. ಹೆದರಿಕೊಂಡು ಒಳಗೆ ಹೋದೆ." ಅಷ್ಟು ವರ್ಷ ಈ ಮಾತನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ.

ಅಕ್ಕ ಪೆನ್ನಿನ ಮುಚ್ಚಳ ಹಾಕಿದರು. "ಗೊತ್ತು ಕಣೋ. ಅಕ್ಕಿ ತಂದವಳು ನಾನೇ ಅಲ್ವಾ? ನಿನ್ನ ಹೆಂಡ್ತಿ ಡ್ರಮ್ಮಿನ ಮುಚ್ಚಳ ತೆಗೆದ್ಲು, ನಾನೇ ಸುರಿದೆ. ಮೊದಲೇ ಮುಕ್ಕಾಲು ತುಂಬಿತ್ತು."

"ಗೊತ್ತಿದ್ದೂ ಯಾಕೆ ಬರೀಲಿಲ್ಲ?"

"ನಡವಳೀಲಿ ಬರಿಯೋದು ಸಭೇಲಿ ಹೇಳಿದ್ದು. ಯಾರ ಮನೆ ಡ್ರಮ್ಮಲ್ಲಿ ಏನ್ ನೋಡ್ದೆ ಅನ್ನೋದಲ್ಲ."

"ಹಂಗಾದ್ರೆ ಈಗ ತಿದ್ದಿ."

"ತಿದ್ದೋಕೆ ನಾನ್ಯಾರು? ಮುಂದಿನ ತಿಂಗಳು ವಿಜಯನಗರದಲ್ಲಿ ಹಳಬರೆಲ್ಲ ಸೇರ್ತೀವಿ. ಎದ್ದು ನಿಂತು ಹೇಳು, ಬರ್ಕೊಳ್ತೀನಿ. ಅದೂ ಇರುತ್ತೆ, ಇದೂ ಇರುತ್ತೆ. ಓದೋರು ಎರಡನ್ನೂ ಓದ್ಕೊಳ್ಳಲಿ."

ಆ ಸಭೆಗೆ ನಾನು ಹೋಗಲಿಲ್ಲ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಮನೆಯ ಬಾಗಿಲವರೆಗೆ ಬಂದವನು, ಅಲ್ಲೇ ನಿಂತು ಫೋನ್ ಮಾಡಿದೆ. "ಅರ್ಜೆಂಟ್ ಕೆಲಸ ಬಂತು ಅಕ್ಕ."

ಆ ಕಡೆ ಕುರ್ಚಿ ಎಳೆಯುವ ಸದ್ದು, ಹಳಬರ ನಗು. ಅಕ್ಕ ನಿಧಾನವಾಗಿ ಹೇಳಿದರು: "ಗೈರುಹಾಜರು, ಪುಟ್ಟಸ್ವಾಮಿ. ಕಾರಣ, ಅರ್ಜೆಂಟ್ ಕೆಲಸ. ಹೂಂ, ಬರ್ಕೊಂಡೆ."

ದನಿಯಲ್ಲಿ ಕೋಪವಿರಲಿಲ್ಲ. ಅವರೊಂದಿಗೆ ನಾನು ಆಡಿದ ಕೊನೆಯ ಮಾತು ಅದು. ಪೆಟ್ಟಿಗೆಗಳೂ ಆ ಪುಸ್ತಕಗಳೂ ಲೈಬ್ರರಿಗೆ ಹೋದವು. ಅದಾಗಿ ಹದಿನೈದು ದಿನಕ್ಕೆ, ಬೆಳಗಿನ ಕಾಫಿ ಕುಡಿದು ಕೂತಲ್ಲಿಯೇ ಅಕ್ಕ ತೀರಿಕೊಂಡರು.

ಸಂತಾಪ ಸಭೆಯೂ ಹಳಬರು ಸೇರಿದ್ದ ಅದೇ ವಿಜಯನಗರದ ಹಾಲ್‌ನಲ್ಲಿ ನಡೆಯಿತು. ಮಾತಾಡಿದವರೆಲ್ಲ ಅಕ್ಕನನ್ನು ಹೋರಾಟಗಾರ್ತಿ, ತಾಯಿ ಎಂದರು. ನಾನು ಯಾರೂ ಕರೆಯದೆ ಎದ್ದು ಮೈಕಿನ ಮುಂದೆ ನಿಂತೆ. ಮುಷ್ಕರ ಮುರಿದು ಒಳಗೆ ಹೋದದ್ದು ಅಕ್ಕಿ ಇಲ್ಲದೆ ಅಲ್ಲ, ಹೆದರಿ ಎಂದೆ. ನೀವು ಕಳಿಸಿದ ಅಕ್ಕಿಯನ್ನು ಮುಕ್ಕಾಲು ತುಂಬಿದ್ದ ಡ್ರಮ್ಮಿಗೇ ಸುರಿಸಿಕೊಂಡೆವು ಎಂದೆ. ಅರ್ಜೆಂಟ್ ಕೆಲಸವೂ ಸುಳ್ಳು ಎಂದೆ.

ಹಿಂದಿನ ಸಾಲಿನಿಂದ ಫಿಟ್ಟರ್ ಮುನಿಯಪ್ಪ ಕೂಗಿದ: "ಲೋ, ಆ ಅಕ್ಕೀಲಿ ನಮ್ಮನೇದೂ ಒಂದು ಸೇರು ಇತ್ತು ಕಣೋ! ಚೆನ್ನಾಗಿ ಅರಗಿತಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ನಿಂತ ಮೇಲೆ ಸಾಲು ಸಾಲಾಗಿ ನೋಡುತ್ತ ಹೋದೆ. ಎಲ್ಲ ಮುಖಗಳೂ ನನ್ನ ಕಡೆಗೇ ತಿರುಗಿದ್ದವು. ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದವರು ಒಬ್ಬರೂ ಇರಲಿಲ್ಲ.

ಮೈಕಿನಲ್ಲೇ ಕೇಳಿದೆ: "ಯಾರ ಹತ್ರ ಪೆನ್ನಿದೆ?"