ಹೆಗಲಿಗೆ ಬಾರದ ಕೈ

ವಡಗಾವಿಯ ನಮ್ಮ ಓಣಿಯ ತುದಿಯಲ್ಲಿ ಒಬ್ಬ ಇಸ್ತ್ರಿಯವನಿದ್ದಾನೆ. ಇನ್ನೂ ಇದ್ದಿಲಿನ ಇಸ್ತ್ರಿಪೆಟ್ಟಿಗೆಯನ್ನೇ ಬಳಸುತ್ತಾನೆ. ಹೋದ ಶನಿವಾರ ನನ್ನ ಬಿಳಿ ಕಾಟನ್ ಸೀರೆಗೆ ಗಂಜಿ ಹಾಕಿ, ಒಣಗಿಸಿ, ಅವನ ಹತ್ತಿರ ಒಯ್ದಿದ್ದೆ. ಅವನು ನೀರು ಚಿಮುಕಿಸಿ ಕಾದ ಪೆಟ್ಟಿಗೆ ಇಟ್ಟದ್ದೇ ತಡ, ಹಬೆಯ ಜೊತೆ ಗಂಜಿಯ ವಾಸನೆ ಎದ್ದಿತು... ಖಾನಾಪುರದ ನರ್ಸ್‌ಬಾಯಿಯ ನೆನಪಾಗಿ ಅಲ್ಲಿಯೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ.

"ಯಾಕ್ರೀ ಬಾಯಾರ, ಚಕ್ಕರ್ ಬಂತೇನ್ರಿ?" ಅಂದ ಇಸ್ತ್ರಿಯವ. ಇಲ್ಲಪ್ಪ ಅಂದೆ.

ಎಪ್ಪತ್ತರ ದಶಕದ ಕೊನೆಯ ಮಾತು. ಅಪ್ಪನಿಗೆ ಖಾನಾಪುರ ಸ್ಟೇಷನ್ನಿನಲ್ಲಿ ನೌಕರಿ. ಅವ್ವನಿಗೆ ಕ್ಷಯ ಎಂದು ಗೊತ್ತಾದ ದಿನದಿಂದ ನಮ್ಮ ಮನೆಗೆ ಬಂದುಹೋಗುವವರೇ ಇಲ್ಲವಾದರು. ಬಾಜೂ ಮನೆಯವರು ನನಗೆ ಕೊಡುವ ಚಕ್ಕಲಿಯನ್ನೂ ಕಾಗದದಲ್ಲಿ ಸುತ್ತಿ ಕಟ್ಟೆಯ ಮೇಲಿಟ್ಟು ಹಿಂದಕ್ಕೆ ಸರಿಯುತ್ತಿದ್ದರು. ಬೆಳಗಾವಿ ಕ್ಯಾಂಪಿನಲ್ಲಿದ್ದ ಸೋದರತ್ತೆ ಯಾರದಾದರೂ ಕೈಯಲ್ಲಿ ಹಣ್ಣಿನ ಬುಟ್ಟಿ ಕಳಿಸುತ್ತಿದ್ದಳು, ತಾನು ಮಾತ್ರ ಬರುತ್ತಿರಲಿಲ್ಲ. ಅತ್ತೆ ಕೆಟ್ಟವಳಲ್ಲ. ಜೀವದ ಮೇಲೆ ಆಸೆ ಬಹಳ, ಅಷ್ಟೆ.

ನರ್ಸ್‌ಬಾಯಿ ಸರಕಾರಿ ದವಾಖಾನೆಯಲ್ಲಿದ್ದರು. ನಮ್ಮ ಹಾಗೆಯೇ ಚರ್ಚಿಗೆ ಬರುವವರು. ಡ್ಯೂಟಿ ಮುಗಿಸಿ ಹೋಗುವಾಗ ದಿನಾ ಬಂದು ಅವ್ವನಿಗೆ ಇಂಜೆಕ್ಷನ್ ಕೊಡುತ್ತಿದ್ದರು. ಖಾನಾಪುರದ ಆ ಜಿಟಿಜಿಟಿ ಮಳೆಯಲ್ಲೂ ಅವರ ಬಿಳಿಸೀರೆಯ ನೆರಿಗೆ ಕಾಗದದ ಹಾಗೆ ನಿಂತಿರುತ್ತಿತ್ತು. ಮೊದಲ ದಿನ ನಾನು ಅವರಿಗೆಂದು ಬೇರೆ ಕಪ್ಪು ಹುಡುಕುತ್ತಿದ್ದಾಗ, ಅವ್ವನ ಲೋಟ ತೋರಿಸಿ, "ಅದನ್ನ ಕುದಿಯೋ ನೀರಾಗ ಹಾಕಿ ತಗಿಯವ್ವ. ಆಮ್ಯಾಲೆ ಅದರಾಗನ ನನಗ ಚಾ ಹಾಕು" ಅಂದರು. ಅವ್ವನ ಎದುರಿಗೇ ಕುಳಿತು, ಊರ ಸುದ್ದಿ ಹೇಳುತ್ತಾ ಆ ಚಹಾ ಕುಡಿದರು. ಅವ್ವ ಗೋಡೆಯ ಕಡೆ ಹೊರಳಿ ಕಣ್ಣೊರೆಸಿಕೊಂಡಳು. ಆಮೇಲೆ ಅವ್ವ ಗುಣವಾದದ್ದು ಔಷಧದಿಂದ ಎಂದು ಡಾಕ್ಟರರು ಹೇಳಿದರು. ನಾನು ಅರ್ಧ ಮಾತ್ರ ನಂಬಿದೆ.

ಮರುವರ್ಷ ನನಗೆ ದೃಢೀಕರಣದ ಸರದಿ ಬಂತು. ಕೂಸಾಗಿದ್ದಾಗ ದೀಕ್ಷಾಸ್ನಾನ ಪಡೆದವರು, ಬುದ್ಧಿ ಬಂದ ಮೇಲೆ ತಮ್ಮ ಬಾಯಿಂದಲೇ ವಿಶ್ವಾಸವನ್ನು ಒಪ್ಪಿಕೊಳ್ಳುವ ಸಂಸ್ಕಾರ ಅದು. ಬಿಷಪ್ಪರು ಹಣೆಗೆ ತೈಲ ಹಚ್ಚುವಾಗ ಹುಡುಗಿಯ ಬಲ ಹೆಗಲ ಮೇಲೆ ಕೈಯಿಟ್ಟು ನಿಲ್ಲಲು ಒಬ್ಬ ಜ್ಞಾನತಾಯಿ ಬೇಕು. ಧರ್ಮೋಪದೇಶದ ಕ್ಲಾಸಿನಲ್ಲಿ ಫಾದರ್ ನಮಗೆ ಚೆನ್ನಾಗಿಯೇ ತಿಳಿಸಿ ಹೇಳಿದ್ದರು: "ರೇಷ್ಮಿ ಸೀರಿ, ಉಡುಗೊರಿ ನೋಡಿ ಆರಿಸಬ್ಯಾಡ್ರಿ. ಯಾರ ಬದುಕಿನಾಗ ಯೇಸುಸ್ವಾಮಿ ಕಾಣತಾರ, ಅವರ ಬೆನ್ನ ಹತ್ರಿ."

ನನಗೆ ಯೋಚಿಸುವಂಥದ್ದೇ ಇರಲಿಲ್ಲ. ಅಂದೇ ಸಂಜೆ ನರ್ಸ್‌ಬಾಯಿಯ ಮನೆಗೆ ಹೋಗಿ ಕೇಳಿದೆ. ಬಟ್ಟೆ ಹಿಂಡುತ್ತಿದ್ದವರು ಹಾಗೆಯೇ ನಿಂತರು. "ಮೊದಲ ಫಾದರಿಗೆ ಕೇಳವ್ವ" ಅಂದರು. ನಾನು ಅದನ್ನು ಒಪ್ಪಿಗೆ ಎಂದೇ ತಿಳಿದೆ. ಯಾಕೆಂದರೆ ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಅವರು ಟ್ರಂಕು ತೆರೆದು ಮಡಿಕೆ ಬಿಚ್ಚದ ಒಂದು ಬಿಳಿಸೀರೆಯನ್ನು ಹೊರಗೆ ತೆಗೆದಿದ್ದರು.

ಮುಂದಿನ ಕ್ಲಾಸಿನಲ್ಲಿ ನಾನು ಅವರ ಹೆಸರು ಹೇಳಿದಾಗ ಫಾದರ್ ತಲೆ ತಗ್ಗಿಸಿದರು. ಕ್ಲಾಸು ಬಿಟ್ಟ ಮೇಲೆ ನನ್ನೊಬ್ಬಳನ್ನೇ ಕರೆದು, "ಅವರು ಆಗೂದಿಲ್ಲವ್ವ. ಬ್ಯಾರೆಯವರನ್ನ ನೋಡು" ಅಂದರು. ಯಾಕೆ ಎಂದು ಹೇಳಿದ್ದು ಅವ್ವ. ನರ್ಸ್‌ಬಾಯಿಯ ಗಂಡ ಮದುವೆಯಾದ ಹೊಸದರಲ್ಲೇ ಅವರನ್ನು ಬಿಟ್ಟು ಮುಂಬಯಿಗೆ ಹೋದವನು ತಿರುಗಿ ಬರಲಿಲ್ಲವಂತೆ. ಎಷ್ಟೋ ವರ್ಷದ ಮೇಲೆ ಇವರು ಕೋರ್ಟಿನಿಂದ ವಿಚ್ಛೇದನ ಪಡೆದು ದವಾಖಾನೆಯ ಜೀಪಿನ ಡ್ರೈವರನ ಜೊತೆ ರಿಜಿಸ್ಟರ್ ಮದುವೆಯಾದರು. ಚರ್ಚಿನ ಲೆಕ್ಕದಲ್ಲಿ ಮೊದಲ ಮದುವೆ ಇನ್ನೂ ಮುರಿದಿಲ್ಲ. ಆದ್ದರಿಂದ ಅವರಿಗೆ ಪೂಜೆಯಲ್ಲಿ ಕೊಡುವ ಪರಮಪ್ರಸಾದದ ರೊಟ್ಟಿ ಇಲ್ಲ, ಜ್ಞಾನತಾಯಿಯಾಗುವ ಹಕ್ಕೂ ಇಲ್ಲ. ಪ್ರತಿ ಭಾನುವಾರ ಎಲ್ಲರೂ ಪ್ರಸಾದಕ್ಕೆ ಎದ್ದು ಹೋಗುವಾಗ ಅವರು ಹಿಂದಿನ ಬೆಂಚಿನಲ್ಲಿ ಕುಳಿತೇ ಇರುವುದನ್ನು ನಾನು ನೋಡಿದ್ದೆ. ಡ್ಯೂಟಿ ಮಾಡಿ ಕಾಲು ನೋಯುತ್ತಿರಬೇಕು ಅಂದುಕೊಂಡಿದ್ದೆ...

ನಮ್ಮ ಲೋಟದಲ್ಲಿ ಚಹಾ ಕುಡಿದವರಿಗೆ ಅಲ್ಲಿ ಒಂದು ತುಣುಕು ರೊಟ್ಟಿ ಇಲ್ಲವೇ ಎಂದು ಅಂದು ಬಹಳ ಅತ್ತುಬಿಟ್ಟೆ. ಆ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. ನಿಯಮ ನನಗೂ ಗೊತ್ತು, ಅದನ್ನು ಮಾಡಿದವರ ಕಾರಣಗಳೂ ಗೊತ್ತು. ಗೊತ್ತಿದ್ದರೆ ನೋವು ಕಡಿಮೆಯಾಗುತ್ತದೆಯೇ?

ಸುದ್ದಿಯನ್ನು ನಾನೇ ಹೋಗಿ ಹೇಳಬೇಕಾಯಿತು. ಸೀರೆಗೆ ಆಗಲೇ ಗಂಜಿ ಹಾಕಿ ಹಗ್ಗದ ಮೇಲೆ ಹರವಿದ್ದರು. ನನ್ನ ಮುಖ ನೋಡಿದ ಕೂಡಲೇ ಅವರಿಗೆ ತಿಳಿಯಿತು.

"ಗೊತ್ತಿತ್ತು ಬಿಡವ್ವ. ಖರೇ, ಜನ್ಮದಾಗ ಒಂದ್ ಸರ್ತಿ ಯಾರರ ಕೇಳಿದ್ರಲ್ಲ... ಅದಕ್ಕ ಆಸೆ ಆತು."

ಅತ್ತೆಯೇ ನನ್ನ ಜ್ಞಾನತಾಯಿಯಾದಳು. ಬೆಳಗಾವಿಯ ದೊಡ್ಡ ಚರ್ಚಿನಲ್ಲಿ, ಸುಗಂಧ ಪೂಸಿಕೊಂಡು, ರೇಷ್ಮೆ ಸೀರೆ ಸರಿಪಡಿಸಿಕೊಳ್ಳುತ್ತಾ ನನ್ನ ಹೆಗಲ ಮೇಲೆ ಕೈಯಿಟ್ಟಳು. ಬೆರಳ ತುದಿಯನ್ನಷ್ಟೇ. ಕ್ಷಯದ ಮನೆಯ ಹುಡುಗಿ ನೋಡಿ. ಹಣೆಗೆ ತೈಲ ಹಚ್ಚಿಸಿಕೊಂಡು ತಿರುಗಿದಾಗ ಹಿಂದಿನ ಬೆಂಚಿನ ಮೂಲೆಯಲ್ಲಿ ಬಿಳಿಸೀರೆ ಕಾಣಿಸಿತು. ಯಾರಿಗೂ ಹೇಳದೆ ನರ್ಸ್‌ಬಾಯಿ ಖಾನಾಪುರದಿಂದ ಬಂದಿದ್ದರು. ಪ್ರಸಾದಕ್ಕೆ ಹೋಗುವವರಿಗೆ ದಾರಿಯಾಗಲೆಂದು ಕಾಲು ಮುದುಡಿಕೊಂಡು ಕುಳಿತಿದ್ದರು.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಅವರ ಹತ್ತಿರ ಓಡಿದೆ. "ನೀವೂ ಒಂದ್ ಸಲ ಕೈ ಇಡ್ರಿ" ಎಂದು ಹೆಗಲು ಒಡ್ಡಿದೆ. ಅವರ ಕೈ ಮೇಲೆದ್ದದ್ದು ನಿಜ. ಸುತ್ತ ನಿಂತ ಜನರನ್ನು ನೋಡಿ ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಬ್ಯಾಡವ್ವ. ಯಾರರ ಕಂಡ್ರ ನಿನಗ ಮಾತು ಬರ್ತಾವ. ಛಲೋ ಹುಡುಗಿ ಆಗಿ ಇರು."

ಮುಂದೆ ಅವರಿಗೆ ದೂರದ ಊರಿಗೆ ವರ್ಗವಾಯಿತು. ಎಂಬತ್ತರ ದಶಕದ ನಡುವೆ ಯಾವಾಗಲೋ, ಅವರು ತೀರಿಕೊಂಡ ಸುದ್ದಿಯನ್ನು ದವಾಖಾನೆಯ ಯಾರೋ ಅಪ್ಪನಿಗೆ ಹೇಳಿದರು. ಎಲ್ಲಿ ಮಣ್ಣು ಮಾಡಿದರು, ಪ್ರಾರ್ಥನೆ ಹೇಳಲು ಯಾರಾದರೂ ಇದ್ದರೋ ಇಲ್ಲವೋ... ಕೇಳಿದರೆ ಹೇಳುವವರಿಲ್ಲ.

ಮೊನ್ನೆ ಭಾನುವಾರ, ಇಸ್ತ್ರಿ ಮಾಡಿಸಿದ ಅದೇ ಬಿಳಿಸೀರೆ ಉಟ್ಟು ಚರ್ಚಿಗೆ ಹೋದೆ. ನಮ್ಮ ಓಣಿಯ ಹುಡುಗಿಯೊಬ್ಬಳು ನನ್ನನ್ನು ಜ್ಞಾನತಾಯಿಯಾಗಲು ಕೇಳಿದ್ದಳು. ನನ್ನಲ್ಲಿ ಏನು ಕಂಡಳೋ, ನಾನು ಕೇಳಲಿಲ್ಲ. ಅವಳ ಹೆಗಲ ಮೇಲೆ ಪೂರ್ತಿ ಅಂಗೈ ಊರಿ ನಿಂತೆ. ನಿಂತಲ್ಲಿಂದಲೇ ಕಣ್ಣು ಹಿಂದಿನ ಬೆಂಚಿಗೆ ಹೋಯಿತು. ಅಲ್ಲಿ ಯಾರೂ ಇರಲಿಲ್ಲ.

ಹೊರಗೆ ಬಂದ ಮೇಲೆ ಹುಡುಗಿ ಕೇಳಿದಳು: "ಆಂಟಿ, ನಿಮಗ ಯಾರು ಕೈ ಇಟ್ಟಿದ್ರು?"

"ನಮ್ಮ ಅತ್ತಿ" ಅಂದೆ. "ನನ್ನ ಜ್ಞಾನತಾಯಿ ಮಾತ್ರ ಹಿಂದ ಕುಂತಿದ್ರು."