ಒಳಗೆ ಮಡಚಿಟ್ಟ ಎರಡು ಬೆರಳು ಬಟ್ಟೆ

“ಅಮ್ಮಾ, ಶಿಯಾಯೂ ಅಕ್ಕ ನೀರು ಬಾಯಿಗೆ ಹಾಕ್ಕೊಂಡು ಯಾಕೆ ಉಗುಳ್ತಾಳೆ? ಕಹಿಯಾ?”

ಹೊಲಿಗೆ ಯಂತ್ರದ ಕೆಳಗೆ ಅಂಗಿ ಗುಂಡಿಗಳಲ್ಲಿ ಆಡುತ್ತಿದ್ದ ನಾಲ್ಕು ವರ್ಷದ ನೋನೋ ಅಮ್ಮ ಫಾಂಗ್‌ಲಿಂಗ್‌ಳನ್ನು ಕೇಳಿದಳು. ಊರುಗೋಲು ಹಿಡಿದು ಬಾಗಿಲಲ್ಲಿ ನಿಂತಿದ್ದ ಶಿಯಾಯೂಳೇ ಉತ್ತರ ಕೊಟ್ಟಳು.

“ಐದು ಗಂಟೆಗೆ ತೂಕ ನೋಡ್ತಾರೆ ಪುಟ್ಟಿ. ಬಾಯಿ ಒದ್ದೆಯಾದ್ರೆ ಸಾಕು. ಹೊಟ್ಟೆಗಿಳಿದ್ರೆ ತೂಕಕ್ಕೆ ಬರುತ್ತೆ.”

“ಕಾಲು ಮುರಿದಿದ್ರೂ ತೂಕಾನಾ?” ಎಂದಳು ಫಾಂಗ್‌ಲಿಂಗ್.

“ಪ್ಲಾಸ್ಟರಿನ ತೂಕ ಕಳೆದು ಬರ್ಕೋತಾರೆ ಚಿಕ್ಕಮ್ಮ. ಗೆಂಗ್ ಮೇಷ್ಟ್ರು ಅನ್ಯಾಯ ಮಾಡಲ್ಲ.”

ಅಂಗಡಿ ಕ್ರೀಡಾಶಾಲೆಯ ಹಿಂಬಾಗಿಲಿಗೆ ಅಂಟಿಕೊಂಡೇ ಇದೆ. ಅಲ್ಲಿ ಜಿಮ್ನಾಸ್ಟಿಕ್ಸ್ ಕಸರತ್ತು ಕಲಿಯುವ ಹುಡುಗಿಯರ ಬಿಗಿ ಉಡುಪು ಹೊಲಿಯುವುದು ಫಾಂಗ್‌ಲಿಂಗ್‌ಳ ಕೆಲಸ. ಶಿಯಾಯೂ ಆರು ವರ್ಷದವಳಾಗಿ ಬಂದ ದಿನ ಅವಳ ಅಳತೆ ತೆಗೆಯುವ ಮೊದಲು ತರಬೇತುದಾರ ಗೆಂಗ್ ಮೇಷ್ಟ್ರು ಅವಳ ತಾಯಿಯನ್ನು ನಿಲ್ಲಿಸಿ ಅಳೆಸಿದ್ದರು: ಎತ್ತರ, ಭುಜ, ಸೊಂಟ. “ಬೀಜ ಆಮೇಲೆ. ಮೊದಲು ಮಣ್ಣು ನೋಡಬೇಕು” ಅನ್ನುವುದು ಅವರ ವಾಡಿಕೆ. ಅಗಲ ಸೊಂಟದ ತಾಯಿಯ ಮಗಳು ಮುಂದೆ ತಾಯಿಯ ಹಾಗೇ ಆಗುತ್ತಾಳೆ, ಅನ್ನ ದಂಡ ಎಂದು ಅಂಥವಳನ್ನು ಸೇರಿಸಿಕೊಳ್ಳುವುದಿಲ್ಲ. ತಾಯಂದಿರು ಸುಳ್ಳು ಹೇಳಬಹುದು, ಫಾಂಗ್‌ಲಿಂಗ್‌ಳ ಟೇಪು ಹೇಳುವುದಿಲ್ಲ ಎಂದು ಅವರ ನಂಬಿಕೆ. ಅವಳು ಬರೆದಿದ್ದೇ ಕೊನೆ.

ಆ ಟೇಪು ಒಂದೇ ಒಂದು ಸಲ ಸುಳ್ಳು ಹೇಳಿತ್ತು.

ಈ ವರ್ಷ ವಸಂತದ ಹಬ್ಬಕ್ಕೆ ಐದು ದಿನ ರಜೆ. ಊರಿಗೆ ಬಂದ ಹದಿಮೂರರ ಶಿಯಾಯೂ ಕಡ್ಡಿಯಾಗಿದ್ದಾಳೆಂದು ಅವಳ ತಾಯಿ ತಾವರೆಗೆಡ್ಡೆ ಹಾಕಿ ಮೂಳೆ ಸಾರು ಕುದಿಸಿ, ದಿನಕ್ಕೆ ಮೂರು ಬಟ್ಟಲು ಕುಡಿಸಿದಳು. ತಾಯಿ ಅಲ್ಲವೇ! ಮಗಳ ಮೈ ತುಂಬಿತು, ಎತ್ತರವೂ ಏರತೊಡಗಿತ್ತು. ಅಸಲಿಗೆ ಅದು ಸಾರಿನ ತಪ್ಪೂ ಅಲ್ಲ, ವಯಸ್ಸಿನದು. ವಾಪಸು ಬಂದ ದಿನ ಗೆಂಗ್ ಮೇಷ್ಟ್ರು ಎಲ್ಲರೆದುರು ಅಂದರು: “ಊರಿಗೆ ಕಳಿಸಿದ್ದು ಹುಡುಗೀನ. ಬಂದಿದ್ದು ಹಬ್ಬದ ಹಂದಿ.” ಹುಡುಗಿಯರು ನಗಬೇಕಾಯಿತು, ನಕ್ಕರು. ಬೆವರಿಳಿಯಲೆಂದು ಪ್ಲಾಸ್ಟಿಕ್ ಮಳೆಕೋಟು ತೊಡಿಸಿ ಅವಳನ್ನು ಮೈದಾನ ಸುತ್ತಿಸಿದರು. ತೂಕ ಇಳಿಯಿತು. ಎತ್ತರ ಇಳಿಯುತ್ತದೆಯೇ?

ಉಡುಪು ಭುಜದಲ್ಲಿ ಹಿಡಿಯತೊಡಗಿದಾಗ ಶಿಯಾಯೂ ಈ ಅಂಗಡಿಗೆ ಬಂದು ಭುಜ ತೋರಿಸಿದ್ದಳು. ಫಾಂಗ್‌ಲಿಂಗ್ ಪ್ರತಿ ಉಡುಪಿನಲ್ಲೂ ಎರಡು ಬೆರಳು ಬಟ್ಟೆ ಒಳಗೆ ಮಡಚಿಟ್ಟು ಹೊಲಿಯುತ್ತಾಳೆ. ಬೆಳೆಯುವ ಮಕ್ಕಳಲ್ಲವೇ. ಅದನ್ನು ಬಿಚ್ಚಿ, ಹಳೇ ಹೊಲಿಗೆಯ ಗುರುತನ್ನು ಇಸ್ತ್ರಿಯಲ್ಲಿ ಅಳಿಸಿ ಕೊಟ್ಟಳು. ಅಳತೆ ಪುಸ್ತಕದಲ್ಲಿ ಹಳೇ ಅಂಕಿಯನ್ನೇ ಮತ್ತೆ ಬರೆದಳು. ಪಾಪ, ಒಂದು ತಿಂಗಳು ಬೈಗುಳ ತಪ್ಪಲಿ ಅಂತ.

ಉಡುಪು ಮೈಗೆ ಸರಿಯಾಗಿ ಕೂತಿದೆ, ಪುಸ್ತಕದಲ್ಲೂ ಬೆಳೆದಿಲ್ಲ. ಹಾಗಾಗಿ, ಹುಡುಗಿಯರ ಅಳತೆ ನೋಡಿಯೇ ಕಸರತ್ತಿನ ಜೋಡಿ ಕಂಬಿ ಹೊಂದಿಸುವ ಗೆಂಗ್ ಮೇಷ್ಟ್ರು ಮೇಲಿನ ಕಂಬಿಗೂ ಕೆಳಗಿನ ಕಂಬಿಗೂ ನಡುವಿನ ಅಂತರ ಬದಲಾಯಿಸಲಿಲ್ಲ. ಮೂರನೇ ದಿನ ಮೇಲಿನಿಂದ ಬೀಸಿ ಇಳಿಯುವಾಗ ಶಿಯಾಯೂಳ ಹಿಮ್ಮಡಿ ಕೆಳಗಿನ ಕಂಬಿಗೆ ಬಡಿಯಿತು. ಎರಡು ಮೂಳೆ ಮುರಿದವು. ಸದ್ದು ಅಂಗಡಿವರೆಗೂ ಕೇಳಿಸಿತೆಂದು ಫಾಂಗ್‌ಲಿಂಗ್‌ಗೆ ಈಗಲೂ ಅನಿಸುತ್ತದೆ.

“ಕಂಬಿ ಇದ್ದಲ್ಲೇ ಇತ್ತು. ನಿನ್ನ ಕಾಲು ಅಲ್ಲಿಗ್ಯಾಕೆ ಹೋಯ್ತು?” ಎಂದು ಕೇಳಿದ್ದರಂತೆ ಮೇಷ್ಟ್ರು. ಹುಡುಗಿ ಬಟ್ಟೆಯ ವಿಷಯ ಎತ್ತಲಿಲ್ಲ.

ಕಾಲು ಕೂಡುತ್ತದೆ, ಮತ್ತೆ ಕಂಬಿ ಹಿಡಿಯಬಹುದು ಎಂದರು ಡಾಕ್ಟರು. ಇರುತ್ತೀಯೋ, ಗಂಟು ಕಟ್ಟಿ ಊರಿಗೆ ಹೋಗುತ್ತೀಯೋ, ಸೋಮವಾರ ಹೇಳು ಎಂದರು ಮೇಷ್ಟ್ರು.

“ಬಿಟ್ಟುಬಿಡು ಮಗಳೇ,” ಎಂದಳು ಫಾಂಗ್‌ಲಿಂಗ್, ದಾರ ಕಚ್ಚಿ ತುಂಡು ಮಾಡುತ್ತ. “ಮನೆಗೆ ಹೋಗು. ಹೊಟ್ಟೆ ತುಂಬ ನೀರು ಕುಡಿ.”

“ನನಗೂ ಅದೇ ಆಸೆ. ನಿನ್ನೆ ಅಮ್ಮನಿಗೆ ಫೋನ್ ಮಾಡಿ ಹೇಳ್ದೆ.”

“ಬೈದಳಾ?”

“ಇಲ್ಲ. ‘ಪಾಪ, ಸಾಕಾಯ್ತು ನಿಂಗೆ’ ಅಂದ್ಳು.” ಶಿಯಾಯೂ ಊರುಗೋಲಿನ ತುದಿಯಿಂದ ನೋನೋಳ ಗುಂಡಿಯೊಂದನ್ನು ಮೆಲ್ಲಗೆ ಅವಳತ್ತ ತಳ್ಳಿದಳು. “ಆಮೇಲೆ, ‘ಶಾಲೇಲಿ ನಿನ್ನ ಮಂಚ ಖಾಲಿ ಬಿಡೋದ್ಯಾಕೆ, ಲೂಲೂನ ಸೇರಿಸ್ತೀನಿ’ ಅಂದ್ಳು. ಮೇಷ್ಟ್ರಿಗೂ ಹೇಳಿಬಿಟ್ಟಿದಾಳೆ. ನಾಡಿದ್ದು ಭಾನುವಾರ ಅಮ್ಮ, ಲೂಲೂ ಇಬ್ರೂ ಅಳತೆಗೆ ನಿಮ್ಮ ಹತ್ರಾನೇ ಬರ್ತಾರೆ.”

ಲೂಲೂ ಶಿಯಾಯೂಳ ತಂಗಿ. ಆರು ವರ್ಷ. ಹೋದ ಬೇಸಿಗೆಯಲ್ಲಿ ಇದೇ ಯಂತ್ರದ ಕೆಳಗೆ ನೋನೋ ಜೊತೆ ಕೂತು ಎಳ್ಳಿನ ಉಂಡೆ ತಿಂದಿದ್ದಳು, ಕೆನ್ನೆಗೆಲ್ಲ ಮೆತ್ತಿಕೊಂಡು.

ಶಾಲೆಯಲ್ಲಿ ತೂಕದ ಗಂಟೆ ಬಡಿಯಿತು. ಶಿಯಾಯೂ ಇನ್ನೊಮ್ಮೆ ಬಾಯಿ ಮುಕ್ಕಳಿಸಿ ಚರಂಡಿಗೆ ಉಗುಳಿದಳು. ಹೊರಡಲಿಲ್ಲ.

“ಚಿಕ್ಕಮ್ಮ, ಆವತ್ತಿನ ಬಟ್ಟೆ ವಿಷಯ ನಾನು ಯಾರಿಗೂ ಹೇಳಿಲ್ಲ. ಹೇಳೋದೂ ಇಲ್ಲ.”

ಫಾಂಗ್‌ಲಿಂಗ್ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

“ಲೂಲೂ ಹುಟ್ಟಿದ ಮೇಲೆ ಅಮ್ಮ ದಪ್ಪ ಆಗಿದಾಳೆ. ನೀವೇನು ಬರೆದ್ರೂ ಮೇಷ್ಟ್ರು ನಂಬ್ತಾರೆ. ನೀವು ಹೂಂ ಅಂದ್ರೆ ಸೋಮವಾರ ಗಂಟು ಕಟ್ತೀನಿ, ಇಲ್ಲಾಂದ್ರೆ ಮಂಚ ಖಾಲಿ ಮಾಡ್ದೆ ಇಲ್ಲೇ ಇರ್ತೀನಿ. ಅಮ್ಮನ ಸೊಂಟ ಎರಡು ಬೆರಳು ಜಾಸ್ತಿ ಬರೀತೀರಾ?”