ಕಪ್ಪು ಗಂಡುಮರಿಯ ಕಾರ್ಡು

ಆರು ವರ್ಷದ ಹಿಂದೆ, ಒಂದು ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ, ನಾವು ಊರಿನ ಕಡೆಯಿಂದ ತರಿಸಿದ ನಾಯಿಮರಿಯ ಚುಚ್ಚುಮದ್ದಿನ ಕಾರ್ಡು ಆ ಮರಿಯದ್ದಲ್ಲ ಎಂದು ನನಗೆ ಗೊತ್ತಾಯಿತು. ಗೊತ್ತಿದ್ದೂ ಮರುದಿನ ನೀವು ಚುಚ್ಚುಮದ್ದು ಆಗಿದೆಯಾ ಎಂದು ಕೇಳಿದಾಗ "ಆಗಿದೆ" ಎಂದೆ. ಅತ್ತಿಗೆ, ಆ ಒಂದು ಮಾತನ್ನು ನಂಬಿ ನೀವು ನಾಲ್ಕು ದಿನ ಸುಮ್ಮನಿದ್ದಿರಿ. ಆ ನಾಲ್ಕು ದಿನದಲ್ಲಿ ಇಂಚರಳಿಗೆ ಏನಾಗಬಹುದಿತ್ತು ಎಂಬುದನ್ನು — ನಾನು ಇವತ್ತಿಗೂ ಪೂರ್ತಿ ಬರೆಯಲಾರೆ.

ಈಗ ಯಾಕೆ ಹೇಳುತ್ತಿದ್ದೀಯ ಎಂದು ಕೇಳುತ್ತೀರಿ. ಹೋದ ಭಾನುವಾರ ಊಟಕ್ಕೆ ಕೂತಾಗ ಇಂಚರ ಮತ್ತೆ ನಾಯಿಮರಿಯ ಮಾತೆತ್ತಿದಳು. ಈಗ ಅವಳಿಗೆ ಹದಿನಾಲ್ಕು. ಹಟ ಮಾಡುವುದಿಲ್ಲ, ವಾದ ಮಾಡುತ್ತಾಳೆ. ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. ನೀವು ಸಾರು ಬಡಿಸುತ್ತಾ ಅಂದಿರಿ: "ಆಯ್ತು, ಆದರೆ ನಿಮ್ಮತ್ತೆಯೇ ನೋಡಿ ತರಬೇಕು. ಅವಳ ಕಣ್ಣು ತಪ್ಪಿಸಿ ಯಾರೂ ಮೋಸ ಮಾಡೋಕಾಗಲ್ಲ." ನಾನು ಅನ್ನ ಕಲೆಸುತ್ತಾ ಹೋದೆ. ಅವತ್ತೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಯಾಕೆಂದರೆ ನಿಮಗೆ ಗೊತ್ತಿರುವುದರಲ್ಲಿ ಅರ್ಧ ನಾನು ಹೇಳಿದ ಸುಳ್ಳು.

ದಿಲ್ಲಿಯ ಆರ್.ಕೆ.ಪುರಂನ ನಿಮ್ಮ ಕ್ವಾರ್ಟರ್ಸಿಗೆ ನಾನು ಬಂದು ಆಗ ವರ್ಷವಾಗಿತ್ತು. ಓಖ್ಲಾದ ಗಾರ್ಮೆಂಟ್ ಯೂನಿಟ್ಟಿನಲ್ಲಿ ಕೆಲಸ, ಊಟ ವಸತಿ ಅಣ್ಣನ ಮನೆಯಲ್ಲಿ. ಎಂಟು ವರ್ಷದ ಇಂಚರ ನಾಯಿ ಬೇಕೆಂದು ಗಂಟುಬಿದ್ದಿದ್ದಳು. ಮೇಲಿನ ಮನೆಯ ಪಂಜಾಬಿ ಆಂಟಿ, ತಮ್ಮ ಪರಿಚಯದವರ ಮನೆಯಲ್ಲಿ ಮರಿಗಳಿವೆ, ಬಂದು ನೋಡಿ ಎಂದಿದ್ದರು. "ಬೇಟಾ, ಮಾ ಕೋ ದೇಖೇ ಬಿನಾ ಪಿಲ್ಲಾ ಮತ್ ಲೇನಾ" ಎಂದು ನನಗೆ ಒತ್ತಿ ಹೇಳಿದ್ದರು — ತಾಯಿಯನ್ನು ನೋಡದೆ ಮರಿ ತಗೋಬೇಡ. ನಾವು ಹೋಗಲಿಲ್ಲ. ದಿಲ್ಲಿಯವರ ಮಾತು ಯಾರು ನಂಬುತ್ತಾರೆ ಎಂದು ನಾನೇ ನಕ್ಕೆ. ತರಕಾರಿ ಭಯ್ಯಾನ ಗಾಡಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡದೆ ಒಂದೂ ತಗೊಳ್ಳದ ಮನೆ ನಮ್ಮದು. ಆಟೋದವನು ಬಲಕ್ಕೆ ತಿರುಗಿದರೆ ಯಾಕೆ ತಿರುಗಿದ ಎಂದು ಕೇಳುವವರು ನಾವು.

ಅದೇ ನಾವು, ಇಲ್ಲಿಯ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ ಒಂದು ನಂಬರಿಗೆ ಫೋನ್ ಮಾಡಿ, ಆ ಕಡೆಯಿಂದ ಕನ್ನಡ ಕೇಳಿದ ತಕ್ಷಣ ಕರಗಿಹೋದೆವು. ಬಾಗಲಕೋಟೆ ಕಡೆಯ ಮನುಷ್ಯ. ಮುಧೋಳ ನಾಯಿ ಸಾಕಿ ಮಾರುತ್ತಾನಂತೆ. "ಕಾಕಾ ಅನ್ರಿ ನನಗ" ಎಂದ. "ನೀವು ನಮ್ಮವರದೀರಿ ತಂಗಿ, ಪರದೇಶದಾಗ ಅದೀರಿ. ನಿಮಗ ಮೋಸ ಮಾಡಿ ನಾ ಎಲ್ಲಿಗೆ ಹೋಗ್ಲಿ?" ಫೋನ್ ಸ್ಪೀಕರಿನಲ್ಲಿತ್ತು. ನೀವೂ ಕೇಳಿದಿರಿ. ಅಣ್ಣನಂತೂ ಕಣ್ಣರಳಿಸಿ "ಎಷ್ಟು ದಿನ ಆಯ್ತು ಈ ಥರ ಮಾತು ಕೇಳಿ" ಎಂದ. ನಾಯಿಯ ತಾಯಿ ಯಾವುದು, ಯಾವ ಡಾಕ್ಟರು ನೋಡಿದ್ದಾರೆ, ಮರಿಗೆ ಎಷ್ಟು ವಾರ — ಇಷ್ಟನ್ನೂ ಕೇಳಲು ನನಗೆ ನಾಚಿಕೆಯಾಯಿತು. ನಮ್ಮವರನ್ನು ಹಾಗೆ ಕೇಳುತ್ತಾರೆಯೇ! ಇವತ್ತು ಆ "ನಮ್ಮವರು" ಎಂಬ ಮಾತು ಕಿವಿಗೆ ಬಿದ್ದರೆ ಮೈ ಉರಿಯುತ್ತದೆ. ಅವನು ಮಾರಿದ್ದು ನಾಯಿಯನ್ನಲ್ಲ. ಊರು ಬಿಟ್ಟು ಬಂದವರ ಹಸಿವನ್ನು ಹಿಡಿದು ಅದಕ್ಕೊಂದು ಮರಿ ಕಟ್ಟಿ ಕಳಿಸಿದ, ಅಷ್ಟೆ.

ನೀವು ಮಾತ್ರ ನಗುತ್ತಾ ಒಂದು ಮಾತು ಅಂದಿರಿ. "ನೋಡಮ್ಮ, ಹೋದ ಸಲ ನೀನು ಆರಿಸಿದ ಕೂಲರು ಗಾಳಿಗಿಂತ ಶಬ್ದವೇ ಜಾಸ್ತಿ ಕೊಡ್ತು. ಈ ಸಲ ನಾಯಿ ಬೊಗಳುತ್ತೋ ಇಲ್ವೋ ಕೇಳಿಕೋ." ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆದರೆ ಆ ನಗು ನನ್ನೊಳಗೆ ಕೂತಿತ್ತು, ಅತ್ತಿಗೆ. ಈ ಸಲ ನನ್ನ ಆಯ್ಕೆ ಸರಿ ಎಂದು ತೋರಿಸಲೇಬೇಕು ಎಂದು... ಇದನ್ನು ಸಮರ್ಥನೆ ಎಂದು ಓದಬೇಡಿ. ಕಾರಣ ಎಷ್ಟು ಸಣ್ಣದಿತ್ತು ಎಂದು ನಿಮಗೆ ಗೊತ್ತಿರಲಿ, ಅದಕ್ಕೆ ಹೇಳಿದೆ. ಒಂದು ಕೂಲರು.

ಶುಕ್ರವಾರ ನಾನು ರಜೆ ಹಾಕಿ ನಿಜಾಮುದ್ದೀನ್ ಸ್ಟೇಷನ್ನಿಗೆ ಹೋದೆ. ಗಾರ್ಡಿನ ಡಬ್ಬಿಯಿಂದ ಬಿದಿರಿನ ಬುಟ್ಟಿ ಇಳಿಸಿದರು. ಬುಟ್ಟಿಯ ಹಿಡಿಗೆ ಪ್ಲಾಸ್ಟಿಕ್ ಕವರು ಕಟ್ಟಿತ್ತು, ಅದರಲ್ಲಿ ಕಾರ್ಡು. ತೆಗೆದು ಓದಿದೆ. ಗಂಡು. ಬಣ್ಣ ಕಪ್ಪು. ವಯಸ್ಸು ನಾಲ್ಕು ತಿಂಗಳು. ಕೆಳಗೆ ರೇಬೀಸ್ ಲಸಿಕೆಯ ಸ್ಟಿಕ್ಕರು, ಯಾರದೋ ಸಹಿ. ಬುಟ್ಟಿಯೊಳಗೆ, ಒದ್ದೆ ಗೋಣಿಯ ಮೇಲೆ, ಎರಡು ಅಂಗೈಯಲ್ಲಿ ಹಿಡಿಸುವಂಥ ಕಂದು ಬಣ್ಣದ ಹೆಣ್ಣುಮರಿ. ಹಾಲುಹಲ್ಲು ಆಗಷ್ಟೇ ಬಂದಿತ್ತು; ಅಷ್ಟು ಸಣ್ಣ ಮರಿಗೆ ರೇಬೀಸ್ ಲಸಿಕೆ ಹಾಕುವುದೇ ಇಲ್ಲ.

ನನ್ನ ಕೆಲಸ ಏನು ಗೊತ್ತಲ್ಲ ನಿಮಗೆ? ಲೇಬಲ್ಲು ನೋಡುವುದು. ಲೇಬಲ್ಲಿನಲ್ಲಿ ಒಂದು, ಬಟ್ಟೆಯಲ್ಲಿ ಇನ್ನೊಂದು ಇದ್ದರೆ ಇಡೀ ಲಾಟನ್ನೇ ವಾಪಸ್ ಕಳಿಸುತ್ತೇನೆ. ಸೂಪರ್‌ವೈಸರು ಗೋಗರೆದರೂ ಬಿಡುವುದಿಲ್ಲ. ಅಂಗಿಯ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಿನವಳು ನಾನು. ಪ್ಲಾಟ್‌ಫಾರ್ಮಿನ ಗಡಿಯಾರ ನೋಡಿದ್ದು ಆಗಲೇ — ಹನ್ನೊಂದು ನಲವತ್ತು. ಅಲ್ಲಿಂದಲೇ ಕಾಕಾನಿಗೆ ಫೋನ್ ಮಾಡಿದೆ.

"ಅಯ್ಯ, ಕಾರ್ಡ್ ಅದಲು ಬದಲಾಗಿರಬೇಕ್ರಿ ತಂಗಿ. ನಾಳೆ ಖರೆ ಕಾರ್ಡ್ ಕೊರಿಯರ್ ಮಾಡ್ತೀನಿ. ಮನ್ಯಾಗ ಹೇಳಬ್ಯಾಡ್ರಿ, ಸುಮ್ನ ಹುಡುಗಿ ಮನಸು ಮುರೀತೈತಿ."

ನಾನು "ಆಯ್ತು ಕಾಕಾ" ಎಂದೆ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ಗೊತ್ತಿದ್ದೇ ಅಂದೆ. ಕಾರ್ಡನ್ನು ಮಡಿಸಿ ಆಫೀಸಿನ ಬ್ಯಾಗಿನ ಒಳಜೇಬಿಗೆ ಹಾಕಿದೆ.

ಶನಿವಾರ ಸಂಜೆ ಮರಿ ಇಂಚರಳ ತೋರುಬೆರಳನ್ನು ಕಚ್ಚಿತು. ಅದಕ್ಕೆ ಚಿಕ್ಕಿ ಎಂದು ಹೆಸರಿಟ್ಟು ಬಿಸ್ಕತ್ತು ತಿನ್ನಿಸುತ್ತಿದ್ದಳು. ಆಟದ ಕಚ್ಚು; ಆದರೂ ಎರಡು ಚುಕ್ಕೆ ರಕ್ತ ಬಂತು. ನೀವು ಅಡುಗೆಮನೆಯಿಂದ ಓಡಿಬಂದು ಬೆರಳನ್ನು ನಲ್ಲಿಯ ಕೆಳಗೆ ಹಿಡಿದಿರಿ. ಹಿಡಿದುಕೊಂಡೇ ನನ್ನ ಕಡೆ ತಿರುಗಿ ಕೇಳಿದಿರಿ: "ಇದಕ್ಕೆ ಚುಚ್ಚುಮದ್ದು ಆಗಿದೆ ತಾನೆ?"

"ಆಗಿದೆ."

"ಕಾರ್ಡು?"

"ಆಫೀಸಿನ ಬ್ಯಾಗಲ್ಲಿದೆ ಅತ್ತಿಗೆ."

ಎರಡನೆಯದು ನಿಜವಾಗಿತ್ತು. ಆ ನಿಜದ ಬೆನ್ನಿಗೆ ಮೊದಲನೆಯ ಸುಳ್ಳನ್ನು ಅಂಟಿಸಿದೆ. ನೀವು ಅರಿಶಿನ ಹಚ್ಚಿ ಟಿವಿ ಧಾರಾವಾಹಿ ನೋಡಲು ಹೋಗಿಬಿಟ್ಟಿರಿ. ಅಷ್ಟು ನಂಬಿದಿರಿ.

ಮಂಗಳವಾರ ಚಿಕ್ಕಿ ಹಾಲು ಮುಟ್ಟಲಿಲ್ಲ. ಬಾಯಲ್ಲಿ ಜೊಲ್ಲು, ಹಿಂಗಾಲು ಎಳೆಯುತ್ತಿತ್ತು. ಕಾಕಾನಿಗೆ ಫೋನ್ ಮಾಡಿದರೆ "ರೈಲಿನ ಗಾಳಿ ಬಡದೈತ್ರಿ, ಬೆಲ್ಲದ ನೀರು ಕುಡಸ್ರಿ" ಎಂದ. ಬುಧವಾರ ಬೆಳಿಗ್ಗೆ ದಪ್ಪ ಟವೆಲ್ಲಿನಲ್ಲಿ ಸುತ್ತಿಕೊಂಡು ನಾನೊಬ್ಬಳೇ ಪ್ರಾಣಿಗಳ ಡಾಕ್ಟರ ಹತ್ತಿರ ಹೋದೆ. ವಯಸ್ಸಾದವರು. ಮರಿಯನ್ನು ನೋಡಿ ಕೈಗವಸು ಹಾಕಿಕೊಂಡರು. ಕಾರ್ಡು ಕೇಳಿದರು. ಕೊಟ್ಟೆ. ಒಂದು ಸಲ ಕಾರ್ಡು, ಒಂದು ಸಲ ಮರಿ, ಒಂದು ಸಲ ನನ್ನ ಮುಖ ನೋಡಿದರು.

"ಯೇ ಕಾರ್ಡ್ ಇಸ್‌ಕಾ ನಹೀಂ ಹೈ. ಆಪ್‌ಕೋ ಪತಾ ಥಾ?"

ಈ ಕಾರ್ಡು ಇದರದ್ದಲ್ಲ, ನಿಮಗೆ ಗೊತ್ತಿತ್ತಾ ಎಂದು. ನಾನು ಟವೆಲ್ಲಿನ ಅಂಚು ಸರಿಮಾಡಿದೆ. ಅವರು ಬೇರೆ ಪ್ರಶ್ನೆ ಕೇಳಿದರು — ಮನೆಯಲ್ಲಿ ಯಾರನ್ನಾದರೂ ಕಚ್ಚಿದೆಯಾ? ರೇಬೀಸೂ ಇರಬಹುದು, ಬೇರೆ ಕಾಯಿಲೆಯೂ ಇರಬಹುದು. ಈ ಮರಿಯನ್ನು ನೋಡಿ ಈಗಲೇ ಹೇಳಲಾಗುವುದಿಲ್ಲ, ಆದರೆ ಮಗುವಿಗೆ ಒಂದು ಗಂಟೆಯೂ ಕಾಯಬೇಡಿ ಎಂದರು. ಮರಿಯನ್ನು ಅಲ್ಲೇ ಬಿಟ್ಟು ಆಟೋ ಹತ್ತಿದೆ. ಸ್ಕೂಲಿನ ಗೇಟಿನಲ್ಲಿ ಏನು ಹೇಳಿ ಇಂಚರಳನ್ನು ಕರೆದುಕೊಂಡು ಬಂದೆನೋ ನೆನಪಿಲ್ಲ. ಅವಳ ಕೈಯನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಬೆರಳಿನ ಎರಡು ಚುಕ್ಕೆ ಆಗಲೇ ಒಣಗಿತ್ತು. "ಬುವಾ, ಚಿಕ್ಕಿ ಠೀಕ್ ಹೋ ಜಾಯೇಗೀ ನಾ?" — ಅತ್ತೆ, ಚಿಕ್ಕಿ ಹುಷಾರಾಗುತ್ತೆ ತಾನೆ — ಎಂದು ಕೇಳುತ್ತಲೇ ಇದ್ದಳು.

ನಿಮಗೆ ಆಟೋದಿಂದಲೇ ಫೋನ್ ಮಾಡಿದೆ. ಅವತ್ತು ಹೇಳಿದ್ದು ನಿಮಗೆ ನೆನಪಿರಬೇಕು: "ಲಸಿಕೆ ಹಾಕಿದ ನಾಯಿಯಾದರೂ ಮಗುವಿಗೆ ಇಂಜೆಕ್ಷನ್ ಕೊಡಿಸಿಬಿಡುವುದು ಒಳ್ಳೆಯದಂತೆ ಅತ್ತಿಗೆ, ಡಾಕ್ಟರು ಹೇಳಿದರು." ಆ ಹೊತ್ತಿನಲ್ಲೂ ಸುಳ್ಳಿಗೆ ಹೊಸ ಬಟ್ಟೆ ತೊಡಿಸಿದೆ! ನೀವು ಆಸ್ಪತ್ರೆಗೆ ಚಪ್ಪಲಿಯ ಜೋಡಿ ತಪ್ಪಿ ಹಾಕಿಕೊಂಡು ಬಂದಿರಿ. ಒಂದು ಕಂದು, ಒಂದು ಕಪ್ಪು. ಗಾಯದ ಸುತ್ತ, ಆ ಸಣ್ಣ ಬೆರಳಿನೊಳಕ್ಕೆ, ಸೂಜಿ ಹಾಕುವಾಗ ಇಂಚರ ಚೀರಿದ್ದು... ನೀವು ಅವಳ ಮುಖವನ್ನು ಎದೆಗೊತ್ತಿಕೊಂಡು ನನ್ನನ್ನು ಕೇಳಿದಿರಿ, "ಇಷ್ಟೆಲ್ಲ ಬೇಕಾ?" ನಾನು "ಬೇಕು" ಎಂದೆ. ಅದಕ್ಕೂ ಮೊದಲು, ನೀವು ಮಗುವಿಗೆ ನೀರು ತರಲು ಹೋಗಿದ್ದಾಗ, ಅಲ್ಲಿನ ಡಾಕ್ಟರಿಗೆ ಎಲ್ಲವನ್ನೂ ಹೇಳಿದ್ದೆ — ಕಾರ್ಡು ಸುಳ್ಳು, ಕಚ್ಚಿ ನಾಲ್ಕು ದಿನವಾಗಿದೆ, ಮನೆಯವರಿಗೆ ಗೊತ್ತಿಲ್ಲ. ಹೆಸರೂ ಗೊತ್ತಿಲ್ಲದ ಮನುಷ್ಯನಿಗೆ ಒಂದೇ ಉಸಿರಿನಲ್ಲಿ ಹೇಳಿದ ಸತ್ಯವನ್ನು ನಿಮಗೆ ಹೇಳಲು ಆರು ವರ್ಷ ಬೇಕಾಯಿತು.

ಗುರುವಾರ ಚಿಕ್ಕಿ ಸತ್ತಿತು. ಕ್ಲಿನಿಕ್ಕಿನವರೇ ಅದನ್ನು ಸುಟ್ಟು ಎಲ್ಲ ಮುಗಿಸಿಬಿಟ್ಟಿದ್ದರು. ಪರೀಕ್ಷೆ ಮಾಡಿಸುವ ದಾರಿಯೂ ಹೋಯಿತು. ಅದು ಏನು ಕಾಯಿಲೆ ಎಂದು ನಮಗೆ ಎಂದೂ ಗೊತ್ತಾಗಲಿಲ್ಲ. ಕಾಕಾನಿಗೆ ಹೇಳಿದಾಗ ಅವನ ದನಿ ಒಂದಿಷ್ಟೂ ಬದಲಾಗಲಿಲ್ಲ. "ನಾಯಿ ಅಂದಮ್ಯಾಲೆ ಸಾಯ್ತಾವ್ರಿ ತಂಗಿ. ಬ್ಯಾರೆ ಮರಿ ಕಳಸ್ಲೇನು?" ಬೇರೆ ಮರಿ! ಅವನ ಬಾಯಲ್ಲಿ ಕನ್ನಡ ಅಷ್ಟು ಅಸಹ್ಯವಾಗಿ ಕೇಳಿದ್ದು ಅದೇ ಮೊದಲು.

ರೋಗದ ಮರಿ ಮಾರಿದನೆಂದು ಅಣ್ಣ ಪೊಲೀಸರಿಗೆ ದೂರು ಕೊಡುತ್ತೇನೆಂದು ಎದ್ದು ನಿಂತಿದ್ದ. ವಾಟ್ಸಾಪ್ ಗುಂಪಿನ ಹಿರಿಯರೊಬ್ಬರು ಮನೆಗೇ ಬಂದು, ಕಾಫಿ ಕುಡಿಯುತ್ತಾ, "ಹೊರಗಿನವರ ಮುಂದೆ ನಮ್ಮೂರಿನ ಹೆಸರು ಯಾಕೆ ಕೆಡಿಸೋದು? ಮಗು ಚೆನ್ನಾಗಿದೆಯಲ್ಲ" ಎಂದರು. ಆ ಮಾತಿಗೆ ಲೋಟ ಕಸಿದುಕೊಂಡು ಅವರನ್ನು ಎಬ್ಬಿಸಿ ಕಳಿಸಬೇಕಿತ್ತು. ನಾನು ಮಾಡಿದ್ದೇನು? "ಅಂಕಲ್ ಹೇಳೋದು ಸರಿ ಅಣ್ಣ" ಎಂದೆ. ದೂರು ಕೊಟ್ಟರೆ ಕಾರ್ಡು ಹೊರಗೆ ಬರುತ್ತಿತ್ತು. ಎರಡು ತಿಂಗಳ ನಂತರ ಗುರುಗ್ರಾಮದ ಹುಡುಗನೊಬ್ಬ ಅದೇ ಗುಂಪಿನಲ್ಲಿ, ಅದೇ ಬಗೆಯ ಬಿದಿರಿನ ಬುಟ್ಟಿ, ಅದರೊಳಗೊಂದು ಮರಿ ಇರುವ ಫೋಟೋ, ಕೆಳಗೆ "ನಮ್ಮೂರಿನ ನಾಯಿ ಬಂತು!" ಎಂದು ಹಾಕಿದ. ಅವನಿಗೊಂದು ಸಂದೇಶ ಬರೆದು ಅಳಿಸಿದೆ. ಆ ಮರಿ ಏನಾಯಿತು, ಆ ಮನೆಯಲ್ಲಿ ಮಕ್ಕಳಿದ್ದರೇ... ನನಗೆ ಗೊತ್ತಿಲ್ಲ. ಕಾಕಾನ ಮೇಲಿನ ನನ್ನ ಸಿಟ್ಟು ಎಷ್ಟು ಜೋರಾಗಿ ಎದ್ದರೂ ಇಲ್ಲಿಗೆ ಬಂದು ನಿಂತುಬಿಡುತ್ತದೆ. ಅವನು ಕಳಿಸಿದ. ಬಾಗಿಲು ತೆರೆದು ಒಳಗೆ ಬಿಟ್ಟುಕೊಂಡವಳು ನಾನು.

ಇಂಜೆಕ್ಷನ್ನುಗಳ ಆ ಇಪ್ಪತ್ತೆಂಟು ದಿನ ಇಂಚರ ನೀರು ಕುಡಿಯುವುದನ್ನೇ ನೋಡುತ್ತಿದ್ದೆ. ನೀರಿಗೆ ಹೆದರುವುದು ಆ ರೋಗದ ಲಕ್ಷಣವೆಂದು ಎಲ್ಲೋ ಓದಿದ್ದೆ. ಗಳಿಗೆಗೊಮ್ಮೆ ಲೋಟ ಹಿಡಿದು ಹೋಗಿ ಅವಳ ಗಂಟಲು ಮೇಲೆ ಕೆಳಗೆ ಆಡುವುದನ್ನು ನೋಡಿ ವಾಪಸ್ ಬರುತ್ತಿದ್ದೆ. "ಬುವಾ, ಮೈಂ ಊಂಟ್ ಹೂಂ ಕ್ಯಾ?" ಎಂದಳು ಒಮ್ಮೆ — ನಾನೇನು ಒಂಟೆಯಾ ಎಂದು. ನೀವು ನಕ್ಕಿರಿ, ಅಷ್ಟು ದಿನದಲ್ಲಿ ಮೊದಲ ಸಲ. ಇವತ್ತಿಗೂ ಅವಳು ಬಾಟಲಿ ಎತ್ತಿದರೆ ನನ್ನ ಕಣ್ಣು ಅವಳ ಗಂಟಲಿಗೇ ಹೋಗುತ್ತದೆ.

ಇನ್ನು ಆ ಕೊನೆಯ ದಿನ. ಕಡೆಯ ಇಂಜೆಕ್ಷನ್ ಆದ ವಾರದ ಭಾನುವಾರ. ಅಷ್ಟು ದಿನ ನೀವೂ ಅಣ್ಣನೂ ಸರದಿಯ ಮೇಲೆ ಎದ್ದು ಮಗುವಿನ ಹಣೆ ಮುಟ್ಟಿ ನೋಡುತ್ತಿದ್ದಿರಿ. ಅವತ್ತು ಬೆಳಿಗ್ಗೆ ಎಂಟಾದರೂ ಹಾಲಿನ ಪ್ಯಾಕೆಟ್ಟುಗಳು ಬಾಗಿಲಲ್ಲೇ ಬಿದ್ದಿದ್ದವು. ಒಳಗೆ ನೀವು ಮೂವರೂ ಒಂದೇ ಹಾಸಿಗೆಯಲ್ಲಿ, ಇಂಚರಳ ಕಾಲು ಅಣ್ಣನ ಹೊಟ್ಟೆಯ ಮೇಲೆ, ನಿಮ್ಮ ಕೈ ಅವಳ ಕೂದಲಲ್ಲಿ. ರಾತ್ರಿಯಿಡೀ ಯಾರೂ ಎದ್ದಿರಲಿಲ್ಲ. ನಾನು ಹಾಲು ಕಾಯಿಸಿ ಕಾಫಿ ಮಾಡಿದೆ. ನೀವು ಎದ್ದುಬಂದು, ಲೋಟ ತಗೊಳ್ಳದೆ ಮೊದಲು ನನ್ನ ಕೈ ಹಿಡಿದು ಅಂದಿರಿ: "ಚುಚ್ಚುಮದ್ದು ಆಗಿರೋ ನಾಯಿ ಅಂತ ನಾನು ಸುಮ್ಮನಿದ್ದುಬಿಟ್ಟಿದ್ದೆ. ನೀನಿದ್ದದ್ದಕ್ಕೆ ನನ್ನ ಮಗು ಉಳೀತು."

ನಾನು "ಕಾಫಿ ಆರುತ್ತೆ ಅತ್ತಿಗೆ" ಎಂದೆ.

ಕಾರ್ಡನ್ನು ಇದರ ಜೊತೆಗೇ ಇಟ್ಟಿದ್ದೇನೆ. ಅಂಚೆಯಲ್ಲಿ ಹಾಕುವುದಿಲ್ಲ, ನಿಮ್ಮ ಕೈಗೇ ಕೊಟ್ಟು, ನೀವು ಓದಿ ಮುಗಿಸುವ ತನಕ ಎದುರಿಗೇ ಕೂತಿರುತ್ತೇನೆ. ಇಂಚರಳಿಗೆ ತರುವ ಮರಿಯನ್ನು ನೀವೇ ನೋಡಿ ಆರಿಸಿ, ಅದರ ತಾಯಿಯನ್ನೂ ನೋಡಿ. ಅವತ್ತು ಬೆಳಿಗ್ಗೆ ಕಾಫಿಯ ಬದಲು ಹೇಳಬೇಕಾಗಿದ್ದ ಮಾತು ಇಷ್ಟೇ — ಆಗಿರಲಿಲ್ಲ, ಅತ್ತಿಗೆ. ಆ ಮರಿಗೆ ಚುಚ್ಚುಮದ್ದು ಆಗಿರಲಿಲ್ಲ. ನೀವು ನಲ್ಲಿಯ ಮುಂದೆ ನಿಂತು ಕೇಳಿದಾಗಲೇ ನನಗದು ಗೊತ್ತಿತ್ತು.